ಕಣ್ಣು ಮಂಜಾಗುತ್ತಿದೆಯೇ? ಕಾಣುತ್ತಿರುವಾಗಲೇ ಕಲಿತಿಡಬೇಕಾದ ಕೆಲಸಗಳು

‘ಇನ್ನು ಆಪರೇಷನ್ ಮಾಡಿ ಉಪಯೋಗ ಇಲ್ಲ, ಇದ್ದ ದೃಷ್ಟಿ ಕಾಪಾಡಿಕೊಳ್ಳಿ ಅಂದ್ರು ಡಾಕ್ಟ್ರು. ಹಾಗಂದ್ರೆ ಏನು ಮಾಡೋದು?’ ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಶಿರಸಿ ಕಡೆಯ ತೋಟದವರು ಕೇಳುತ್ತಾರೆ, ಕುಮಟಾ, ಅಂಕೋಲೆಯ ಅಂಗಡಿಯವರು ಕೇಳುತ್ತಾರೆ. ಮುಂಬೈಯಲ್ಲಿ ಕೂತು ಊರಲ್ಲಿರುವ ಆಯಿಯ ಚಿಂತೆ ಮಾಡುವ ಮಕ್ಕಳು ಕೇಳುತ್ತಾರೆ. ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಒಮ್ಮೆ ಬರೆದೇಬಿಡೋಣ ಅಂತ ಕೂತಿದ್ದೇನೆ. ನನ್ನ ಕಣ್ಣೂ ಅದೇ ದಾರಿಯದು. ಹಾಗಾಗಿ ಕೇಳಿ ತಿಳಿದದ್ದಕ್ಕಿಂತ ಎಡವಿ ಕಲಿತದ್ದೇ ಇಲ್ಲಿ ಜಾಸ್ತಿ.

ಶುರುವಿನಲ್ಲೇ ಒಂದು ಮಾತು. ‘ಈಗಲೇ ಯಾಕೆ ಬಿಳಿ ಕೋಲು? ಪೂರ್ತಿ ಹೋದಮೇಲೆ ನೋಡಿದರಾಯ್ತು’ ಅಂತ ಹೆಚ್ಚಿನವರು ಮುಂದಕ್ಕೆ ಹಾಕುತ್ತಾರೆ. ಇದು ಉಲ್ಟಾ ಲೆಕ್ಕ. ಸ್ವಲ್ಪವಾದರೂ ಕಾಣುವಾಗ ಕಲಿತರೆ ಕೈ ತಪ್ಪಿದ್ದನ್ನು ಕಣ್ಣು ತಿದ್ದುತ್ತದೆ. ಪೂರ್ತಿ ಹೋದಮೇಲೆ ಕೂತರೆ ದುಃಖವನ್ನೂ ನುಂಗಬೇಕು, ಪಾಠವನ್ನೂ ಕಲಿಯಬೇಕು.

1. ಏನು ಕಾಯಿಲೆ, ಎಲ್ಲಿ ಕಾಣುವುದಿಲ್ಲ: ಬರೆಸಿಕೊಂಡು ಬನ್ನಿ

‘ನರ ವೀಕ್ ಆಗಿದೆಯಂತೆ’ ಅನ್ನುವುದು ಕಾಯಿಲೆಯ ಹೆಸರಲ್ಲ. ಹೆಸರು ಕೇಳಿ, ಚೀಟಿಯ ಮೇಲೆ ಬರೆಸಿ. ಮುಂದಿನ ಉಪಾಯವೆಲ್ಲ ಅದರ ಮೇಲೆ ನಿಂತಿದೆ.

ದೃಷ್ಟಿ ಹೋಗುವ ಬಗೆ ಮುಖ್ಯವಾಗಿ ಮೂರು. ಒಂದು, ನಡುಭಾಗ ಹೋಗುವುದು. ಎದುರು ನಿಂತವರ ಮುಖ ಕಾಣುವುದಿಲ್ಲ, ಕಾಲಬುಡದ ಕಲ್ಲು ಕಾಣುತ್ತದೆ. ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಸವೆತ ಈ ಜಾತಿ. ಮ್ಯಾಕ್ಯುಲಾ ಅಂದರೆ ಕಣ್ಣಿನ ಹಿಂಪರದೆಯ ನಟ್ಟನಡುವಿನ ಚುಕ್ಕೆ, ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಬೇಕಾದ ಜಾಗ. ಎರಡು, ಅಂಚು ಹೋಗುವುದು. ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಮಾತ್ರ ಕಾಣುತ್ತದೆ. ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ನರ ಸವೆಯುವ ಕಾಯಿಲೆಯಲ್ಲೂ, ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಜೀನಿನ ದೋಷದಿಂದ ಹಿಂಪರದೆ ಸವೆಯುವ ಕಾಯಿಲೆಯಲ್ಲೂ ಹೀಗಾಗುತ್ತದೆ. ಎರಡನೆಯದು ಸಾಮಾನ್ಯವಾಗಿ ಇರುಳುಗುರುಡಿನಿಂದ ಶುರುವಾಗಿ ವರ್ಷಗಟ್ಟಲೆ ನಿಧಾನಕ್ಕೆ ಒಳಸರಿಯುತ್ತದೆ. ಮೂರು, ಎಲ್ಲ ಕಡೆ ಮಸುಕು ಅಥವಾ ಅಲ್ಲಲ್ಲಿ ತೂತು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ‘ಇದರ ಜೊತೆ ಪೊರೆಯೂ ಇದೆಯಾ?’ ಪೊರೆ ತೆಗೆಸಿದ್ದರಿಂದಲೇ ಎರಡು ಸಾಲು ಹೆಚ್ಚು ಓದುವಂತಾದವರಿದ್ದಾರೆ.

ಎಚ್ಚರಿಕೆಗಳು ಇಲ್ಲೇ ಹೇಳಿಬಿಡುತ್ತೇನೆ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಎದೆಹಾಲು ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಹಿಂದೆ ಯಾರಿಗೋ ಕೊಟ್ಟ ಡ್ರಾಪ್ಸನ್ನು ಮೆಡಿಕಲ್ ಶಾಪಿನಿಂದ ತಂದು ಹಾಕಬೇಡಿ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆಯೂ ಬೇಗ ಬರುತ್ತದೆ. ಗ್ಲಾಕೋಮಾದ ಡ್ರಾಪ್ಸ್ ದೃಷ್ಟಿಯನ್ನು ವಾಪಸ್ ತರುವುದಿಲ್ಲ, ಉಳಿದದ್ದನ್ನು ಕಾಯುತ್ತದೆ ಅಷ್ಟೇ. ‘ಹಾಕಿದರೂ ಏನೂ ಫರಕ್ಕಿಲ್ಲ’ ಅಂತ ಬಿಟ್ಟವರು ಉಳಿದದ್ದನ್ನೂ ಕಳೆದುಕೊಂಡಿದ್ದಾರೆ. ಪಿಗ್ಮೆಂಟೋಸಾವನ್ನು ಗ್ಯಾರಂಟಿ ಗುಣ ಮಾಡುತ್ತೇವೆ ಅನ್ನುವವರಿಗೆ ತೋಟ ಒತ್ತೆಯಿಟ್ಟು ದುಡ್ಡು ಕೊಡಬೇಡಿ. 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಆರ್‌ಪಿಇ65 ಎಂಬ ಒಂದೇ ಜೀನಿನ ದೋಷ ಇರುವವರಿಗೆ ಮಾತ್ರ. ಎಲ್ಲರಿಗೂ ಅಲ್ಲ.

ಕಣ್ಣೊಳಗೆ ಮಿಂಚು ಹೊಡೆದಂತಾದರೆ, ಒಮ್ಮೆಲೇ ಕಪ್ಪು ಚುಕ್ಕೆಗಳ ಹಿಂಡು ತೇಲಿದರೆ, ಪರದೆ ಎಳೆದಂತಾದರೆ, ಅಥವಾ ಕಣ್ಣು ಕೆಂಪಾಗಿ ತಲೆನೋವು, ವಾಂತಿ ಬಂದರೆ ಅದೇ ದಿನ ಹೊರಡಿ. ಸೋಮವಾರದವರೆಗೆ ಕಾಯಬೇಡಿ.

2. ಕಾಗದಪತ್ರ ಮಾಡಿಸಿಕೊಳ್ಳಿ

ಬೇಕಾದದ್ದು ಯುಡಿಐಡಿ ಕಾರ್ಡು, ಅಂದರೆ ಅಂಗವೈಕಲ್ಯದ ರಾಷ್ಟ್ರೀಯ ಗುರುತಿನ ಚೀಟಿ. ‘ಸ್ವಾವಲಂಬನ’ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಆಧಾರ್, ಫೋಟೋ, ವಿಳಾಸದ ದಾಖಲೆ, ಹಳೆಯ ಆಸ್ಪತ್ರೆ ಚೀಟಿಗಳನ್ನು ಜೊತೆಗಿಟ್ಟುಕೊಳ್ಳಿ. ನಿಮಗೇ ಹಾಕಲು ಬರದಿದ್ದರೆ ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು ಅಂತ ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲೂಕು ಪಂಚಾಯ್ತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು ಇರುತ್ತಾರೆ. ಇವರನ್ನು ಹುಡುಕಿ, ಅವರ ಕೆಲಸವೇ ಇದು. ಪಿಂಚಣಿ, ಬಸ್ ಪಾಸ್, ಸಲಕರಣೆಗಳ ಅರ್ಜಿಯನ್ನೂ ಅವರ ಹತ್ತಿರವೇ ವಿಚಾರಿಸಿ. ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುತ್ತದೆ.

ಅಂಗವಿಕಲರ ಹಕ್ಕುಗಳ 2016ರ ಕಾನೂನಿನ ಪ್ರಕಾರ, ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ರಿಂದ 3/60ರ ನಡುವೆ ಇದ್ದರೆ ‘ಕಡಿಮೆ ದೃಷ್ಟಿ’. 6/18 ಅಂದರೆ ಬೇರೆಯವರು 18 ಮೀಟರಿನಿಂದ ಓದುವ ಅಕ್ಷರವನ್ನು ನೀವು 6 ಮೀಟರ್ ಹತ್ತಿರ ಹೋಗಿ ಓದುತ್ತೀರಿ ಅಂತ. ಆದರೆ ಇನ್ನೊಂದು ಅಳತೆಯೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನೋಟದ ಅಗಲ 40 ಡಿಗ್ರಿಗಿಂತ ಕಿರಿದಾದರೂ ಕಡಿಮೆ ದೃಷ್ಟಿಯೇ. 10 ಡಿಗ್ರಿಗಿಂತ ಕಿರಿದಾದರೆ ಕಾನೂನಿನ ಲೆಕ್ಕದಲ್ಲಿ ಅಂಧತ್ವ.

ನಾನು ಮುಗ್ಗರಿಸಿದ್ದು ಇಲ್ಲಿ. ಗೋಡೆಯ ಮೇಲಿನ ಅಕ್ಷರ ಪಟಪಟ ಓದಿದೆ. ‘ನಿಮಗೇನಾಗಿದೆ, ಚೆನ್ನಾಗೇ ಕಾಣ್ತದಲ್ಲ’ ಅಂತ ಕಳಿಸಿದರು. ವಾಪಸ್ ಬರುವಾಗ ಅದೇ ಕೋಣೆಯ ಬಾಗಿಲ ಪಕ್ಕದ ಸ್ಟೂಲಿಗೆ ಡಿಕ್ಕಿ ಹೊಡೆದೆ. ಅಂಚು ಹೋದವರು ‘ಫೀಲ್ಡ್ ಟೆಸ್ಟ್’ ರಿಪೋರ್ಟ್ ಮೊದಲೇ ಮಾಡಿಸಿ ಕೈಯಲ್ಲಿ ಹಿಡಿದು ಹೋಗಬೇಕು. ಪೆಟ್ಟಿಗೆಯೊಳಗೆ ಮಿನುಗುವ ಚುಕ್ಕೆ ಕಂಡಾಗೆಲ್ಲ ಬಟನ್ ಒತ್ತುವ ಪರೀಕ್ಷೆ ಅದು.

ತಪಾಸಣೆಯಲ್ಲಿ ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಬಂದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಕಾರ್ಡಿನ ಪಟ್ಟಿಯ ಬಣ್ಣದಲ್ಲೂ ಗೊತ್ತಾಗುತ್ತದೆ: 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದರೆ 30 ಮಾತ್ರ ಸಿಗುತ್ತದೆ, ಜಗಳ ಮಾಡಿ ಪ್ರಯೋಜನವಿಲ್ಲ. ಕಾಯಿಲೆ ಮುಂದುವರಿದರೆ ಮತ್ತೆ ತಪಾಸಣೆಗೆ ಅರ್ಜಿ ಹಾಕಬಹುದು.

3. ಮನೆಗೆ ಬೆಳಕು, ಬಣ್ಣ, ಗುರುತು

ದುಡ್ಡು ಕಡಿಮೆ ಬೇಡುವ, ಉಪಕಾರ ಜಾಸ್ತಿ ಕೊಡುವ ಕೆಲಸ ಇದು. ನಮ್ಮ ಕಡೆಯ ಹಂಚಿನ ಮನೆಗಳು ತಂಪು, ಆದರೆ ಒಳಗೆ ಕತ್ತಲೆ. ಅಂಗಳದ ಬಿಸಿಲಿನಿಂದ ಜಗಲಿ ದಾಟಿ ನಡುಮನೆಗೆ ಕಾಲಿಟ್ಟರೆ ಒಂದು ಗಳಿಗೆ ಏನೂ ಕಾಣುವುದಿಲ್ಲ. ಆ ಗಳಿಗೆಯಲ್ಲೇ ಹೊಸ್ತಿಲು ಎಡವುವುದು, ಬಾಗಿಲ ಪಟ್ಟಿಗೆ ಹಣೆ ಬಡಿಯುವುದು. ಜಗಲಿಯಲ್ಲಿ ಒಂದು ನಿಮಿಷ ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ. ಹೊರಗೆ ಹೋಗುವಾಗ ಅಂಚು ಅಗಲವಾದ ಟೊಪ್ಪಿ ಹಾಕಿ. ತಿಳಿ ಹಳದಿ ಅಥವಾ ಕಂದು ಛಾಯೆಯ ಕನ್ನಡಕ ಕಣ್ಣು ಕುಕ್ಕುವುದನ್ನು ತಗ್ಗಿಸುತ್ತದೆ. ಕಾರವಾರದ ಕಡಲದಂಡೆಯಲ್ಲಿ ಮಧ್ಯಾಹ್ನ ಹಾಕಿಕೊಂಡು ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಓದುವ ದೀಪ ತಲೆಯ ಮೇಲೆ ಬೇಡ. ಭುಜದ ಹಿಂದೆ, ಚೆನ್ನಾಗಿರುವ ಕಣ್ಣಿನ ಬದಿಗೆ, ಪುಸ್ತಕದ ಮೇಲೆ ಬೀಳುವಂತೆ ಇಡಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಒಂದು ಟಾರ್ಚನ್ನು ಎಲ್ಲರೂ ಎತ್ತಿಕೊಂಡು ಹೋಗುವ ಬದಲು ಹಾಸಿಗೆ, ಬಚ್ಚಲು, ಅಡುಗೆಮನೆ ಮೂರೂ ಕಡೆ ಒಂದೊಂದು ಮೊಳೆಗೆ ನೇತುಹಾಕಿ. ಹಣೆಗೆ ಕಟ್ಟುವ ಟಾರ್ಚ್ ಇನ್ನೂ ಒಳ್ಳೆಯದು, ಎರಡೂ ಕೈ ಖಾಲಿ ಇರುತ್ತವೆ.

ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಹಳದಿ ಅಥವಾ ಬಿಳಿ ಆಯಿಲ್ ಪೇಂಟ್ ಎಳೆಯಿರಿ. ಸುಣ್ಣ ಬಳಿದರೆ ಮೊದಲ ಮಳೆಗೇ ಹೋಗುತ್ತದೆ. ಚಿರೆಕಲ್ಲಿನ ಮೆಟ್ಟಿಲುಗಳು ಸಂಜೆ ಎಲ್ಲವೂ ಒಂದೇ ಇಳಿಜಾರಿನಂತೆ ಕಾಣುತ್ತವೆ. ಈ ಪಟ್ಟಿ ಇಲ್ಲದಿದ್ದರೆ ಕೊನೆಯ ಮೆಟ್ಟಿಲು ಮೋಸ ಮಾಡುತ್ತದೆ. ಬಾಗಿಲು ಪೂರ್ತಿ ತೆರೆದಿರಲಿ ಇಲ್ಲಾ ಪೂರ್ತಿ ಮುಚ್ಚಿರಲಿ. ಅರೆತೆರೆದ ಬಾಗಿಲಿನ ಅಂಚು ಸೀದಾ ಮುಖಕ್ಕೆ ಬರುತ್ತದೆ.

ಊಟದ ಬಟ್ಟಲಿಗೆ ಬರೋಣ. ಬಿಳಿ ಅನ್ನ, ಬಿಳಿ ಮಜ್ಜಿಗೆ, ಹೊಳೆಯುವ ಸ್ಟೀಲ್ ತಟ್ಟೆ. ಎಲ್ಲಿ ಅನ್ನ ಮುಗಿಯಿತು, ಎಲ್ಲಿ ತಟ್ಟೆ ಶುರುವಾಯಿತು ಗೊತ್ತಾಗುವುದಿಲ್ಲ. ಅದೇ ಅನ್ನ ಬಾಳೆ ಎಲೆಯ ಮೇಲೆ ಎಷ್ಟು ಸ್ಪಷ್ಟ ನೋಡಿ! ಹಸಿರಿನ ಮೇಲೆ ಬಿಳಿ ಎದ್ದು ಕಾಣುತ್ತದೆ. ಬಾಳೆ ಎಲೆ ದಿನಾ ಸಿಗದಿದ್ದರೆ ಕಡುಬಣ್ಣದ ತಟ್ಟೆ ತನ್ನಿ. ಮಜ್ಜಿಗೆಗೂ ತಂಬುಳಿಗೂ ಕಡುಬಣ್ಣದ ಲೋಟ, ಕಾಫಿಗೆ ಬಿಳಿ ಲೋಟ. ತೆಂಗಿನಕಾಯಿ, ಮೂಲಂಗಿ ಹೆಚ್ಚಲು ಕಪ್ಪು ಹಲಗೆ, ಬದನೆಗೆ ಬಿಳಿ ಹಲಗೆ.

ಗ್ಯಾಸ್ ಒಲೆಯ ತಿರುಗಣೆ ‘ಸಿಮ್’ಗೆ ಬರುವ ಜಾಗದಲ್ಲಿ ಎಂ-ಸೀಲಿನ ಒಂದು ಕಾಳಿನಷ್ಟು ಉಬ್ಬು ಅಂಟಿಸಿ. ಬೆರಳಿಗೆ ಸಿಕ್ಕಿತು ಅಂದರೆ ಉರಿ ಸಣ್ಣದಾಯಿತು. ಲೋಟಕ್ಕೆ ಬಿಸಿನೀರು ಹಾಕುವಾಗ ಕಿವಿ ಕೊಡಿ, ತುಂಬುತ್ತ ಬಂದಂತೆ ಸದ್ದು ಸಣ್ಣಗಾಗಿ ಏರುತ್ತದೆ. ತಣ್ಣನೆಯದಾದರೆ ಅಂಚಿನೊಳಗೆ ಬೆರಳ ತುದಿ ಇಟ್ಟರೆ ಸಾಕು. ಬಿಸಿಯದಕ್ಕೆ ಬೆರಳು ಇಡಬೇಡಿ, ಕೆಳಗೆ ಒಂದು ತಟ್ಟೆ ಇರಲಿ. ಮೀನು ತಿನ್ನುವವರಿಗೆ: ಬಂಗಡೆಯ ನಡುಮುಳ್ಳು ಬೆರಳಿಗೆ ಸಿಗುತ್ತದೆ, ತಾರ್ಲೆಯ ಸಣ್ಣ ಮುಳ್ಳುಗಳೇ ಕಷ್ಟ. ಅವಸರ ಇರುವ ದಿನ ತಾರ್ಲೆ ಬೇಡ. ಕೈಯಲ್ಲಿ ಉಣ್ಣುವವರಿಗೆ ಚಮಚದವರಿಗಿಂತ ಇದೊಂದು ಲಾಭ ಉಂಟು, ಬೆರಳೇ ಕಣ್ಣು.

ಡ್ರಾಪ್ಸ್ ಬಾಟಲಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ: ದಿನಕ್ಕೆ ಒಮ್ಮೆಯದಕ್ಕೆ ಒಂದು, ಎರಡು ಸಲದ್ದಕ್ಕೆ ಎರಡು. ಒಂದು ಹನಿ ಸಾಕು. ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಔಷಧಕ್ಕೆ ಐದು ನಿಮಿಷ ಬಿಡಿ.

ಮನೆಯವರಿಗೆ ಒಂದು ಮನವಿ. ಪ್ರೀತಿಯಿಂದ ಸಾಮಾನು ‘ಒಪ್ಪ’ ಮಾಡಬೇಡಿ. ಉಪ್ಪಿನ ಡಬ್ಬಿ ಎಡದಿಂದ ಬಲಕ್ಕೆ ಹೋದರೆ ಆ ದಿನ ಚಹಾ ಉಪ್ಪಾಗುತ್ತದೆ.

4. ಓದು: ಲೆನ್ಸ್ ಮತ್ತು ಓರೆನೋಟ

ಪೇಟೆಯಲ್ಲಿ ಸಿಗುವ ತಟ್ಟೆಯಷ್ಟು ದೊಡ್ಡ ಭೂತಗನ್ನಡಿ ಕೊಂಡು ನಿರಾಶರಾಗಬೇಡಿ. ಪವರ್ ಜಾಸ್ತಿಯಾದಷ್ಟೂ ಲೆನ್ಸ್ ಸಣ್ಣದಾಗುತ್ತದೆ, ಕಾಗದ ಹತ್ತಿರ ಬರಬೇಕಾಗುತ್ತದೆ. ಲೆನ್ಸನ್ನು ಕಣ್ಣಿಗೆ ಹತ್ತಿರ ಹಿಡಿದು ಕಾಗದವನ್ನು ಮೇಲೆ ತನ್ನಿ, ಆಗ ಹೆಚ್ಚು ಅಕ್ಷರ ಸಿಗುತ್ತವೆ. ಕೈ ನಡುಗುವವರಿಗೆ ಕಾಗದದ ಮೇಲೆ ಕೂರುವ ಸ್ಟ್ಯಾಂಡ್ ಲೆನ್ಸ್ ಅನುಕೂಲ. ಅಂಚು ಹೋಗಿ ನಡು ಮಾತ್ರ ಉಳಿದವರಿಗೆ ತುಂಬಾ ದೊಡ್ಡದು ಮಾಡಿದರೆ ತೊಂದರೆಯೇ. ಇರುವ ಕಿಂಡಿಯಲ್ಲಿ ಎರಡೇ ಅಕ್ಷರ ಹಿಡಿಸುತ್ತದೆ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೋ ಹೋಗುವವರು ‘ಲೋ ವಿಷನ್ ಕ್ಲಿನಿಕ್ ಯಾವ ದಿನ?’ ಅಂತ ಮೊದಲೇ ಫೋನ್ ಮಾಡಿ ಕೇಳಿ. ಲೆನ್ಸನ್ನು ಅಲ್ಲಿ ನಿಮ್ಮದೇ ಪೇಪರು, ನಿಮ್ಮದೇ ಪಾಸ್‌ಬುಕ್ ಇಟ್ಟು ನೋಡಿಯೇ ತೆಗೆದುಕೊಳ್ಳಿ.

ನಡುಭಾಗ ಹೋದವರಿಗೆ ಒಂದು ಅಭ್ಯಾಸ. ಎದುರು ಕೂತವರ ಮುಖವನ್ನು ಗಡಿಯಾರದ ನಡುಮಧ್ಯ ಅಂದುಕೊಳ್ಳಿ. ನೋಟವನ್ನು 12ರ ಕಡೆಗೆ ಸರಿಸಿ, ಆಮೇಲೆ 1, 2, 3 ಹೀಗೆ ಸುತ್ತಿ. ಯಾವುದೋ ಒಂದು ಕಡೆ ನೋಡುವಾಗ ಅವರ ಮೂಗು, ಬಾಯಿ ಸ್ವಲ್ಪ ಸ್ಪಷ್ಟವಾಗುತ್ತದೆ. ಅದೇ ನಿಮ್ಮ ಹೊಸ ನೋಟದ ಜಾಗ. ದಿನಾ ಹತ್ತು ನಿಮಿಷ ಮಾಡಿ. ‘ಎಲ್ಲೋ ನೋಡ್ತಾ ಮಾತಾಡ್ತಾರೆ’ ಅಂತ ನೆಂಟರು ಬೇಜಾರು ಮಾಡಿಕೊಂಡಾರು, ಮೊದಲೇ ಹೇಳಿಬಿಡಿ.

5. ಫೋನಿಗೆ ಮಾತು ಕಲಿಸಿ

ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಅಂತ ಒಂದು ವಿಭಾಗ ಇದೆ. ಅಲ್ಲಿ ಅಕ್ಷರ ದೊಡ್ಡದು ಮಾಡುವುದು, ಬಣ್ಣ ತಿರುವುಮುರುವು ಮಾಡುವುದು, ಟಾಕ್‌ಬ್ಯಾಕ್ ಎಲ್ಲವೂ ಸಿಗುತ್ತದೆ. ಟಾಕ್‌ಬ್ಯಾಕ್ ಅಂದರೆ ತೆರೆಯ ಮೇಲಿದ್ದುದನ್ನು ಓದಿ ಹೇಳುವ ವ್ಯವಸ್ಥೆ, ಕನ್ನಡದಲ್ಲೂ ಓದುತ್ತದೆ. ಐಫೋನಿನಲ್ಲಿ ಇದಕ್ಕೆ ವಾಯ್ಸ್‌ಓವರ್ ಅನ್ನುತ್ತಾರೆ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ, ಪುಕ್ಕಟೆ.

ಟಾಕ್‌ಬ್ಯಾಕ್ ಹಾಕಿದ ಕೂಡಲೇ ಫೋನಿನ ನಡತೆ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಮೇಲೆ ಕೆಳಗೆ ಸರಿಸಲು ಎರಡು ಬೆರಳು ಬೇಕು. ಇದು ಗೊತ್ತಿಲ್ಲದೆ ‘ಫೋನು ಹಾಳಾಯ್ತು’ ಅಂತ ರಿಪೇರಿ ಅಂಗಡಿಗೆ ಒಯ್ದವರು ಎಷ್ಟೋ ಜನ. ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿದರೆ ಆನ್ ಆಫ್ ಆಗುವಂತೆ ಶಾರ್ಟ್‌ಕಟ್ ಇಟ್ಟುಕೊಂಡೇ ಕಲಿಯಲು ಕೂತುಕೊಳ್ಳಿ. ಶುರುವಿನ ವಾರ ಫೋನ್ ಎತ್ತುವುದು, ಮಾಡುವುದು ಇಷ್ಟೇ ಸಾಕು.

ಗೂಗಲ್ ಲೆನ್ಸ್ ಮುದ್ರಿತ ಕನ್ನಡವನ್ನು ಹಿಡಿದು ಓದುತ್ತದೆ, ಡಾಕ್ಟರ ಕೈಬರಹವನ್ನು ನಂಬಬೇಡಿ. ಬಿ ಮೈ ಐಸ್ ಎಂಬ ಆ್ಯಪಿನಲ್ಲಿ ವಿಡಿಯೋ ಕರೆ ಮಾಡಿದರೆ ಸ್ವಯಂಸೇವಕರು ನಿಮ್ಮ ಕ್ಯಾಮೆರಾ ನೋಡಿ ಹೇಳುತ್ತಾರೆ. ಮಾತ್ರೆಯ ದಿನಾಂಕ, ಸೀರೆಯ ಬಣ್ಣ ಕೇಳಲು ಅದು ಸರಿ. ಎಟಿಎಂ ಕಾರ್ಡು, ಒಟಿಪಿ ಮಾತ್ರ ತೋರಿಸಬೇಡಿ. ಪುಸ್ತಕಪ್ರಿಯರಿಗೆ 2016ರಿಂದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ ಇದೆ.

6. ನಡೆಯುವುದು

ಬಿಳಿ ಕೋಲು ಪೂರ್ತಿ ಕಾಣದವರಿಗೆ ಮಾತ್ರ ಅಲ್ಲ. ನೆಲದ ಮೇಲೆ ನಿಲ್ಲಿಸಿದರೆ ಎದೆಯ ನಡುಮೂಳೆಯವರೆಗೆ ಬರಬೇಕು. ಮಡಚುವಂಥದ್ದಾದರೆ ಬಸ್ಸಿನಲ್ಲಿ ಚೀಲಕ್ಕೆ ಹೋಗುತ್ತದೆ. ಬಲಗಾಲು ಮುಂದೆ ಹೋಗುವಾಗ ಕೋಲಿನ ತುದಿ ಎಡಕ್ಕೆ, ಎಡಗಾಲಿಗೆ ಬಲಕ್ಕೆ. ಭುಜಕ್ಕಿಂತ ಒಂದಿಷ್ಟೇ ಅಗಲ ಬೀಸಿ. ಹೀಗೆ ಮುಂದಿನ ಹೆಜ್ಜೆಯ ಜಾಗವನ್ನು ಕೋಲು ಮೊದಲೇ ನೋಡಿರುತ್ತದೆ. ಅಂಗಳದಲ್ಲಿ ಹದಿನೈದು ದಿನ ಅಭ್ಯಾಸ ಮಾಡಿ ಆಮೇಲೆ ರಸ್ತೆಗೆ ಇಳಿಯಿರಿ. ಕೋಲಿಗೆ ಸೊಂಟದಿಂದ ಮೇಲಿನದು ತಿಳಿಯುವುದಿಲ್ಲ. ತಗ್ಗಿದ ಮಾಡಿನಂಚು, ಬಾಗಿದ ಕೊಂಬೆ ಇದ್ದಲ್ಲಿ ಇನ್ನೊಂದು ಕೈಯನ್ನು ಹಣೆಯೆದುರು ಅಡ್ಡ ಹಿಡಿಯಿರಿ. ದೆಹಲಿ ಐಐಟಿಯಲ್ಲಿ ರೂಪುಗೊಂಡ ಸ್ಮಾರ್ಟ್‌ಕೇನ್ ಮೇಲಿನ ಅಡ್ಡಿಗೂ ನಡುಗಿ ಎಚ್ಚರಿಸುತ್ತದೆ.

ನಾಚಿಕೆಯ ಮಾತು ನನಗೂ ಗೊತ್ತು. ವರ್ಷಗಟ್ಟಲೆ ಕೋಲನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಕೋಲಿಲ್ಲದೆ ಡಿಕ್ಕಿ ಹೊಡೆದರೆ ‘ಕುಡಿದಿದ್ದಾನೆ’ ಅನ್ನುತ್ತಾರೆ, ಕೋಲಿದ್ದರೆ ಸರಿದು ನಿಲ್ಲುತ್ತಾರೆ. ಯಾವುದು ವಾಸಿ, ನೀವೇ ಹೇಳಿ.

ಮಳೆಗಾಲಕ್ಕೆ ಬೇರೆಯೇ ಪಾಠ ಬೇಕು. ಅಂಗಳದ ಹಾವಸೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಓಡಾಡುವ ದಾರಿಗೆ ಅಡಕೆ ದಬ್ಬೆ, ಅಂದರೆ ಸೀಳಿದ ಅಡಕೆ ಮರದ ಪಟ್ಟಿ ಹಾಸಿ. ಆ ದಬ್ಬೆ ಪಾದಕ್ಕೆ ದಾರಿಯನ್ನೂ ಹೇಳುತ್ತದೆ. ಬಸಿಗಾಲುವೆಯ ಸಂಕಕ್ಕೆ, ಅಂದರೆ ಕಾಲುಸೇತುವೆಗೆ, ಒಂದು ಬದಿಗಾದರೂ ಕೈಹಿಡಿಕೆ ಕಟ್ಟಿಸಿ, ಬಿಳಿ ನೈಲಾನ್ ಹಗ್ಗವಾದರೂ ಸರಿ. ತೋಟದೊಳಗಿನ ಬಿಸಿಲು ನೆರಳಿನ ಚುಕ್ಕೆಯಲ್ಲಿ ಸಂಕದ ಅಂಚು ಕಣ್ಣಿಗೆ ಸಿಗುವುದೇ ಇಲ್ಲ. ಛತ್ರಿಯ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಬೈಕಿನ ಸದ್ದು ಮುಳುಗುತ್ತದೆ, ಒಂದು ಕೈಯೂ ಹೋಗುತ್ತದೆ. ಛತ್ರಿ ಬಿಟ್ಟು ರೇನ್‌ಕೋಟು ಹಾಕಿ, ಕಿವಿ ಮಾತ್ರ ತೆರೆದಿರಲಿ. ಹೆದ್ದಾರಿ 66 ದಾಟುವುದಿದ್ದರೆ ಸದ್ದನ್ನಷ್ಟೇ ನಂಬಬೇಡಿ, ಜೊತೆ ಕೇಳಿ.

ಜೊತೆ ಬರುವವರು ನಿಮ್ಮ ಕೈ ಹಿಡಿದು ಎಳೆಯಬಾರದು. ಅವರ ಮೊಣಕೈಯ ಮೇಲೆ ನೀವು ಹಿಡಿಯಬೇಕು, ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಅವರ ಮೈ ಇಳಿದರೆ ಮೆಟ್ಟಿಲು ಇಳಿಯಿತು ಅಂತ ನಿಮಗೆ ತಾನಾಗಿ ತಿಳಿಯುತ್ತದೆ.

ಬಸ್ ನಿಲ್ದಾಣದಲ್ಲಿ ‘ಇದು ಸಿದ್ದಾಪುರಕ್ಕೆ ಹೋಗ್ತದಾ?’ ಅಂತ ಕೇಳಬೇಡಿ. ಜನ ತಲೆ ಆಡಿಸುತ್ತಾರೆ, ನಿಮಗೆ ಕಾಣುವುದಿಲ್ಲ. ‘ಇದು ಎಲ್ಲಿಗೆ ಹೋಗ್ತದೆ?’ ಅಂತ ಕೇಳಿ. ಬಾಯಿ ಬಿಡಲೇಬೇಕು.

ಸ್ಕೂಟರಿನ ವಿಷಯ. ‘ನಮ್ಮೂರ ರಸ್ತೆ ತಾನೇ, ಕಣ್ಣು ಮುಚ್ಚಿಯೂ ಹೋಗ್ತೇನೆ’ ಅನ್ನುವವರಿಗೆ ನಾನು ಮೆತ್ತಗೆ ಹೇಳುವುದಿಲ್ಲ. ಅಂಚು ಕಾಣದವರಿಗೆ ಬದಿಯಿಂದ ಓಡಿ ಬರುವ ಮಗು ಕಾಣುವುದಿಲ್ಲ. ಬಿಟ್ಟುಬಿಡಿ. ಮಾರಿದ ದುಡ್ಡನ್ನು ಆಟೋಗೆ ಅಂತ ತೆಗೆದಿಡಿ.

7. ಹಣ, ಬ್ಯಾಂಕು

100ರ ನೋಟಿಗೆ ಎರಡೂ ಅಂಚಿನಲ್ಲಿ ನಾಲ್ಕು ಓರೆಗೆರೆ, 500ಕ್ಕೆ ಐದು. 200ಕ್ಕೆ ನಾಲ್ಕು ಗೆರೆಯ ನಡುವೆ ಎರಡು ಸಣ್ಣ ವೃತ್ತ. ಹೊಸ ನೋಟಿನಲ್ಲಿ ಬೆರಳಿಗೆ ಸಿಗುತ್ತವೆ, ಮೀನುಪೇಟೆ ಸುತ್ತಿ ಬಂದ ನೋಟಿನಲ್ಲಿ ಸಿಗುವುದಿಲ್ಲ. ಉದ್ದದಲ್ಲೂ ಫರಕ್ಕಿದೆ: 100 ನೋಟು 142 ಮಿಲಿಮೀಟರ್, 200 ನೋಟು 146, 500 ನೋಟು 150. ನಾಲ್ಕು ಮಿಲಿಮೀಟರ್ ಬೆರಳಿಗೆ ಕಷ್ಟವೇ. ಹಾಗಾಗಿ ಮನೆಯಲ್ಲೇ 500 ಅನ್ನು ಉದ್ದುದ್ದ ಮಡಚಿ, 200 ಅನ್ನು ಅಡ್ಡ ಮಡಚಿ, 100 ಅನ್ನು ಹಾಗೇ ಇಡಿ. ರಿಸರ್ವ್ ಬ್ಯಾಂಕಿನ ‘ಮನಿ’ ಆ್ಯಪ್ ನೋಟಿಗೆ ಕ್ಯಾಮೆರಾ ಹಿಡಿದರೆ ಎಷ್ಟರದ್ದು ಹೇಳುತ್ತದೆ, ಇಂಟರ್‌ನೆಟ್ ಬೇಡ. ಖೋಟಾ ನೋಟು ಮಾತ್ರ ಅದು ಹಿಡಿಯುವುದಿಲ್ಲ.

ಸಹಿ ಮಾಡಲು ಹಳೆಯ ಕ್ಯಾಲೆಂಡರ್ ರಟ್ಟಿನಲ್ಲಿ ಸಹಿಯಷ್ಟು ಕಿಂಡಿ ಕತ್ತರಿಸಿ. ಅದನ್ನು ಕಾಗದದ ಮೇಲಿಟ್ಟು ಕಿಂಡಿಯೊಳಗೆ ಬರೆದರೆ ಗೆರೆ ತಪ್ಪುವುದಿಲ್ಲ. ‘ಕಾಣದವರಿಗೆ ಚೆಕ್‌ಬುಕ್ ಕೊಡಲ್ಲ, ಎಟಿಎಂ ಕೊಡಲ್ಲ’ ಅಂತ ಕೌಂಟರಿನಲ್ಲಿ ಯಾರಾದರೂ ಹೇಳಿದರೆ, 2008ರ ಜೂನ್ 4ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ನೆನಪಿಸಿ. ಚೆಕ್‌ಬುಕ್, ಎಟಿಎಂ, ಲಾಕರ್ ಯಾವುದನ್ನೂ ಕಣ್ಣಿನ ಕಾರಣಕ್ಕೆ ನಿರಾಕರಿಸುವಂತಿಲ್ಲ.

8. ಇಲ್ಲದ್ದು ಕಂಡರೆ, ಇದ್ದದ್ದು ಬೇಡವಾದರೆ

ದೃಷ್ಟಿ ಕಡಿಮೆಯಾದ ಕೆಲವರಿಗೆ ಇಲ್ಲದ ಚಿತ್ರ ಕಾಣುತ್ತದೆ. ಗೋಡೆಯ ಮೇಲೆ ಹೂಬಳ್ಳಿ, ಜಗಲಿಯಲ್ಲಿ ಸಾಲಾಗಿ ಕೂತ ಸಣ್ಣ ಮನುಷ್ಯರು, ಎಲ್ಲ ಸದ್ದಿಲ್ಲದೆ. ಹೆಚ್ಚಿನವರು ಹೆದರಿ ಬಾಯಿ ಬಿಡುವುದಿಲ್ಲ, ಬಿಟ್ಟರೆ ಮನೆಯವರು ಗಾಳಿ ಬಿಡಿಸುವ ನೋಟಗಾರರನ್ನು ಹುಡುಕುತ್ತಾರೆ. ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ. ಚಾರ್ಲ್ಸ್ ಬೊನೆ ಸಿಂಡ್ರೋಮ್ ಅಂತ ಹೆಸರು. 1760ರಲ್ಲೇ ಸ್ವಿಸ್ ವಿಜ್ಞಾನಿ ಬೊನೆ ತನ್ನ ಅಜ್ಜನಿಗೆ ಹೀಗಾದದ್ದನ್ನು ಬರೆದಿಟ್ಟಿದ್ದಾನೆ. ಕಣ್ಣಿನಿಂದ ಬರುವುದು ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಹೆಣೆಯುತ್ತದೆ. ದೀಪ ಹಾಕಿ, ಕಣ್ಣು ಅತ್ತಿತ್ತ ಹೊರಳಿಸಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಸಾಮಾನ್ಯವಾಗಿ ಕರಗುತ್ತದೆ. ಡಾಕ್ಟರಿಗೆ ಹೇಳಿ. ಚಿತ್ರದ ಜೊತೆ ಮಾತೂ ಕೇಳಿಸಿದರೆ, ಗೊಂದಲವಾದರೆ ತಡಮಾಡದೆ ಹೇಳಿ, ಅದು ಬೇರೆ ವಿಷಯ.

ಇನ್ನು ‘ಕಾಣದ ಮೇಲೆ ಆಟಕ್ಕೆ ಹೋಗಿ ಏನು ಮಾಡೋದು’ ಅಂತ ಯಕ್ಷಗಾನ ಬಿಟ್ಟು ಮನೆಯಲ್ಲಿ ಕೂರುವವರಿದ್ದಾರೆ. ತಾಳಮದ್ದಲೆ ಯಾವತ್ತೂ ಕಣ್ಣಿಗೆ ಅಂತ ಇದ್ದದ್ದೇ ಅಲ್ಲ, ವೇಷವೇ ಇಲ್ಲವಲ್ಲ! ಅಲ್ಲಿಂದ ಶುರುಮಾಡಿ. ಬೆಳಕಿರುವಾಗಲೇ ಹೋಗಿ, ಮುಂದಿನ ಸಾಲಿನಲ್ಲಿ ಕಂಬದ ಪಕ್ಕ ಕೂರಿ. ಬಚ್ಚಲಿಗೆ ದಾರಿ ಯಾವ ಕಡೆ, ಎಷ್ಟು ಹೆಜ್ಜೆ ಅಂತ ಕೂರುವ ಮೊದಲೇ ಒಮ್ಮೆ ನಡೆದು ನೋಡಿಕೊಳ್ಳಿ. ಚಪ್ಪಲಿಯನ್ನು ರಾಶಿಯಲ್ಲಿ ಬಿಡಬೇಡಿ, ಚೀಲದಲ್ಲಿ ಹಾಕಿ ಕಾಲಬುಡದಲ್ಲೇ ಇಟ್ಟುಕೊಳ್ಳಿ.